ಮೇಷ್ಟ್ರನ್ನು ಕೇಳಿ: ಅಳಿಯನ ಬಯೋಡೇಟಾದಲ್ಲಿ ಎಚ್-ಇಂಡೆಕ್ಸ್

ಪ್ರಶ್ನೆ: ಮೇಷ್ಟ್ರೇ, ನಮ್ಮದು ತಿಪಟೂರು, ಕೊಬ್ಬರಿ ವ್ಯಾಪಾರ. ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಬೆಂಗಳೂರಿನಲ್ಲಿ ಕೆಮಿಸ್ಟ್ರಿ ಸಂಶೋಧಕ. ಬಯೋಡೇಟಾದಲ್ಲಿ ಸಂಬಳದ ಮಾತೇ ಇಲ್ಲ. ‘ಕ್ಯಾಟಲಿಸಿಸ್‌ನಲ್ಲಿ 24 ಪೇಪರ್, 610 ಸೈಟೇಷನ್, ಎಚ್-ಇಂಡೆಕ್ಸ್ 11’ ಅಂತ ಇದೆ. ಇದು ಜಾಸ್ತಿಯೋ ಕಮ್ಮಿಯೋ?
— ಹೆಸರು ಬೇಡ ಎಂದಿದ್ದಾರೆ, ತಿಪಟೂರು

ಉತ್ತರ: ಯಜಮಾನರೇ, ಸಂಬಳ ಎಷ್ಟು ಅಂತ ನೇರವಾಗಿ ಕೇಳಿಬಿಡಿ. ಅದರಲ್ಲಿ ಸಂಕೋಚ ಬೇಡ. ಈಗ ಲೆಕ್ಕ ನೋಡೋಣ.

ಕ್ಯಾಟಲಿಸ್ಟ್ ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಬೇಗ ಮುಗಿಸಿಕೊಡುವ ವಸ್ತು. ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಾಗುವುದು ಕಬ್ಬಿಣದ ಕ್ಯಾಟಲಿಸ್ಟ್‌ನಿಂದ. ಎಣ್ಣೆಯನ್ನು ವನಸ್ಪತಿ ಮಾಡುವುದಕ್ಕೆ ನಿಕ್ಕಲ್ ಬೇಕು. ಹುಡುಗ ಹಿಡಿದಿರುವ ವಿಷಯ ಒಳ್ಳೆಯದೇ.

ಪೇಪರ್ ಅಂದರೆ ಸಂಶೋಧನಾ ಲೇಖನ. ಇವನ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. ಎಚ್-ಇಂಡೆಕ್ಸ್ 11 ಅಂದರೆ, ತಲಾ 11 ಸಲವಾದರೂ ಉಲ್ಲೇಖವಾದ 11 ಪೇಪರ್ ಇವೆ ಎಂದು. ಈ ಲೆಕ್ಕ ಹುಟ್ಟಿಸಿದವರು ಹಿರ್ಷ್ ಎಂಬ ಭೌತವಿಜ್ಞಾನಿ, 2005ರಲ್ಲಿ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್‌ನವರಿಗೆ ಕೆಲಸ ಕಾಯಂ ಆಗುವ ಹೊತ್ತಿಗೆ 12ರ ಹತ್ತಿರ ಇರಬಹುದು ಅಂತ ಅವರು ಅಂದಾಜು ಹಾಕಿದ್ದರು. ಅದನ್ನು ಕ್ಯಾಟಲಿಸಿಸ್‌ಗೆ ಹಾಗೇ ತಂದು ಅಂಟಿಸಬೇಡಿ. ಇಲ್ಲಿ ಕೆಲಸ ಮಾಡುವವರು ಬಹಳ, ಸೈಟೇಷನ್ ಬೇಗ ಬೇಗ ಏರುತ್ತದೆ. ಗಣಿತದವನಿಗೆ ಇಷ್ಟೇ ಬಂದಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ. ಆದರೂ ಹರೆಯದ ಹುಡುಗನಿಗೆ 11 ಮರ್ಯಾದೆಯ ಅಂಕಿಯೇ.

ನನಗೆ ಅನುಮಾನ ಇರುವುದು ಆ 610ರ ಮೇಲೆ. ಅದರಲ್ಲಿ ಅರ್ಧ ಒಂದೇ ರಿವ್ಯೂ ಲೇಖನದ್ದಿರಬಹುದು. ರಿವ್ಯೂ ಅಂದರೆ ಬೇರೆಯವರ ಕೆಲಸವನ್ನೆಲ್ಲ ಒಟ್ಟಿಗೆ ಸೇರಿಸಿ ಬರೆಯುವುದು, ಅದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಂಕಿ ಗೂಗಲ್ ಸ್ಕಾಲರ್‌ದೋ ಸ್ಕೋಪಸ್‌ದೋ ಅನ್ನುವುದೂ ಬೇಕು, ಎರಡೂ ಸೈಟೇಷನ್ ಎಣಿಸುವ ತಾಣಗಳು. ಗೂಗಲ್‌ನದು ಸಾಮಾನ್ಯವಾಗಿ ಜಾಸ್ತಿ ತೋರಿಸುತ್ತದೆ, ಥೀಸಿಸ್‌ಗಳನ್ನೂ ಎಣಿಸುತ್ತದಲ್ಲ.

ಉಲ್ಲೇಖ ಆದದ್ದೆಲ್ಲ ಹೊಗಳಿಕೆಯೂ ಅಲ್ಲ. ಇಂಗಾಲದ ಎರಡು ತುಂಡುಗಳನ್ನು ಜೋಡಿಸುವ ಸುಜುಕಿ ಕ್ರಿಯೆ ಅಂತ ಒಂದಿದೆ. ಅದಕ್ಕೆ ಸಾಮಾನ್ಯವಾಗಿ ಪಲ್ಲಾಡಿಯಂ ಎಂಬ ಲೋಹ ಕ್ಯಾಟಲಿಸ್ಟ್ ಆಗಿ ಬೇಕು. ಅದನ್ನು ಕಂಡುಹಿಡಿದ ಸುಜುಕಿಯವರಿಗೆ 2010ರಲ್ಲಿ ನೊಬೆಲ್ ಬಂತು. 2003ರಲ್ಲಿ ಲೆಡ್‌ಬೀಟರ್ ಎಂಬವರ ತಂಡ, ಪಲ್ಲಾಡಿಯಂ ಹಾಕದೆಯೇ ಕ್ರಿಯೆ ನಡೆಯಿತು ಅಂತ ಪ್ರಕಟಿಸಿತು. ದುಬಾರಿ ಲೋಹವೇ ಬೇಡ ಅಂದರೆ ಯಾರು ಬಿಟ್ಟಾರು? ಎಲ್ಲರೂ ಉಲ್ಲೇಖಿಸಿದರು. 2005ರಲ್ಲಿ ಅದೇ ತಂಡ ಮತ್ತೆ ಹುಡುಕಿ, ತಾವು ಬಳಸಿದ ಸೋಡಿಯಂ ಕಾರ್ಬೊನೇಟ್‌ನಲ್ಲೇ ಪಲ್ಲಾಡಿಯಂ ಇತ್ತು ಅಂತ ಬರೆಯಿತು. ಎಷ್ಟು ಗೊತ್ತೇ? ಟನ್ನಿಗೆ 50 ಮಿಲಿಗ್ರಾಂ ಲೆಕ್ಕ, ಅಷ್ಟೇ. ಸೈಟೇಷನ್ ಎಣಿಸುವ ಕಂಪ್ಯೂಟರಿಗೆ ಈ ಎರಡು ಪೇಪರೂ ಒಂದೇ. ನನ್ನನ್ನು ಕೇಳಿದರೆ ಎರಡನೆಯದರ ತೂಕವೇ ಬೇರೆ.

ಹುಡುಗ ಮನೆಗೆ ಬಂದಾಗ, ಕಾಫಿ ಕುಡಿಯುತ್ತಾ ಸುಮ್ನೆ ಎರಡು ಮಾತು ಕೇಳಿ. ‘ನಿಮ್ಮ ಹೆಸರು ಮೊದಲಿರುವ ಪೇಪರ್ ಎಷ್ಟು?’ ಕೆಮಿಸ್ಟ್ರಿಯಲ್ಲಿ ಲ್ಯಾಬಿನಲ್ಲಿ ಕೈ ಸುಟ್ಟುಕೊಂಡವನ ಹೆಸರು ಸಾಮಾನ್ಯವಾಗಿ ಮೊದಲು ಬರುತ್ತದೆ. ನಕ್ಷತ್ರದ ಗುರುತು ಗೈಡ್‌ಗೆ. ಇನ್ನೊಂದು, ‘ಕ್ಯಾಟಲಿಸ್ಟನ್ನು ಬಿಸಿಯಲ್ಲೇ ಸೋಸಿ ನೋಡಿದ್ದೀರಾ?’ ಕ್ಯಾಟಲಿಸ್ಟ್ ಪುಡಿ ತೆಗೆದ ಮೇಲೂ ಕ್ರಿಯೆ ಮುಂದುವರಿದರೆ ಲೋಹ ದ್ರಾವಣಕ್ಕೆ ಸೋರಿದೆ ಅಂತ ಅರ್ಥ. ‘ಐದು ಸಲ ಮರುಬಳಕೆ ಮಾಡಬಹುದು’ ಅಂತ ಕಂಬಗಳ ಚಿತ್ರ ಹಾಕುವ ಪೇಪರ್ ಬೇಕಾದಷ್ಟಿವೆ, ಈ ಪರೀಕ್ಷೆ ಮಾತ್ರ ಕೆಲವರು ಮರೆಯುತ್ತಾರೆ. ನಿಮ್ಮ ಬಾಯಲ್ಲಿ ಈ ಪ್ರಶ್ನೆ ಕೇಳಿ ಹುಡುಗ ಬೆಚ್ಚಿಬೀಳಬಹುದು. ಬೀಳಲಿ ಬಿಡಿ. ಉತ್ತರ ಹೇಳುವಾಗ ಮುಖ ಅರಳಿತೋ ಇಲ್ಲವೋ ನೋಡಿಕೊಳ್ಳಿ. ಆಮೇಲೆ ಮಗಳನ್ನೂ ಒಂದು ಮಾತು ಕೇಳಿ. ನಿಮ್ಮ ಪತ್ರದಲ್ಲಿ ಅವಳ ಅಭಿಪ್ರಾಯ ಎಲ್ಲೂ ಕಾಣಲಿಲ್ಲ.

ಪ್ರಶ್ನೆ: ನಾಲ್ಕು ದಿನದಲ್ಲಿ ಪೇಪರ್ ಹಾಕಿಕೊಡುತ್ತೇವೆ, ದುಡ್ಡು ಕಳಿಸಿ ಎಂದು ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ಪಿಎಚ್‌ಡಿ ಮುಗಿಸಲು ಪೇಪರ್ ಬೇಕಲ್ಲವೇ ಸಾರ್?
— ಸಂಶೋಧನಾ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಬೇಡಮ್ಮ. ಓದಿ ತಪ್ಪು ತೋರಿಸುವವರಿಗೆ ನಾಲ್ಕು ದಿನ ಎಲ್ಲಿ ಸಾಕು? ಥೀಸಿಸ್ ಸಲ್ಲಿಸಲು ಪೇಪರ್ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿದೆಯೇ ಎಂದು ಆಫೀಸಿನಲ್ಲಿ ವಿಚಾರಿಸಿ.