ಆಶ್ರಯ ಕೇಂದ್ರದಲ್ಲಿದ್ದೇವೆ: ಮೊದಲು ಆಧಾರ್ ವಿಳಾಸವೋ, ಮಕ್ಕಳ ಶಾಲೆಯೋ?

ಮೊದಲು ಶಾಲೆ. "ಆಧಾರ್ ವಿಳಾಸ ಬದಲಿಸಿ, ರೇಷನ್ ಕಾರ್ಡ್ ಮಾಡಿಸಿ, ಆಮೇಲೆ ಮಕ್ಕಳನ್ನು ಸೇರಿಸೋಣ" ಅಂತ ಬರೆದಿದ್ದೀರಲ್ಲ, ಆ ಲೆಕ್ಕವನ್ನೇ ಬಿಟ್ಟುಬಿಡಿ. ಎರಡು ಮಕ್ಕಳನ್ನು ಕಟ್ಟಿಕೊಂಡು ವಸತಿರಹಿತರ ಆಶ್ರಯ ಕೇಂದ್ರದಲ್ಲಿದ್ದಾಗ ನಾನೂ ಹಾಗೇ ಅಂದುಕೊಂಡೆ. ಹಳೇ ಶಾಲೆಯಿಂದ ಟಿಸಿ (ವರ್ಗಾವಣೆ ಪತ್ರ) ಬರಲಿ ಅಂತ ಕಾದೆ. ದೊಡ್ಡವನಿಗೆ ಅರ್ಧ ವರ್ಷ ಶಾಲೆ ತಪ್ಪಿತು.

ನೀವೂ ಅದೇ ಹೊಸ್ತಿಲ ಮೇಲೆ ನಿಂತಿದ್ದೀರಿ, ಅದಕ್ಕೇ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಟಿಸಿ ಇಲ್ಲದೆ ಆಗುವುದಿಲ್ಲ ಅಂತ ಹೊಸ ಶಾಲೆಯವರು ಬಾಯಿಮಾತಲ್ಲಿ ಹೇಳಿದರು, ನಾನು ಕೇಳಿಸಿಕೊಂಡು ವಾಪಸ್ ಬಂದೆ. ನಾನು ಹೋಗಿದ್ದೆ ಅನ್ನುವುದಕ್ಕೇ ಒಂದು ಚೂರು ಕಾಗದ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅನ್ನುವಂತಿಲ್ಲ (14ನೇ ಸೆಕ್ಷನ್), ಸೇರಿಸುವ ಅವಧಿ ಮುಗಿಯಿತು ಅನ್ನುವಂತೆಯೂ ಇಲ್ಲ (15ನೇ ಸೆಕ್ಷನ್). 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಇದು ಅನ್ವಯ. ಜನನ ಪ್ರಮಾಣಪತ್ರ ಇಲ್ಲವೇ? ಆಸ್ಪತ್ರೆಯ ಅಥವಾ ಅಂಗನವಾಡಿಯ ದಾಖಲೆ ಕೊಡಿ. ಅದೂ ಇಲ್ಲದಿದ್ದರೆ ವಯಸ್ಸು ಇಷ್ಟು ಅಂತ ನೀವೇ ಬರೆದು ಸಹಿ ಹಾಕಿ.

ಇದನ್ನು ಮುಖ್ಯಶಿಕ್ಷಕರ ಮುಂದೆ ವಾದಿಸಬೇಡಿ, ಬರೆದು ಕೊಡಿ. ಬಿಳಿ ಹಾಳೆಯಲ್ಲಿ ಇಷ್ಟು ಸಾಕು: ಮಗುವಿನ ಹೆಸರು, ಹುಟ್ಟಿದ ದಿನ, ಹಿಂದೆ ಓದಿದ ಶಾಲೆ ಮತ್ತು ತರಗತಿ, ಈಗಿರುವ ಕೇಂದ್ರದ ಹೆಸರು, "ಟಿಸಿ ಬರುವುದು ತಡವಾಗಲಿದೆ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಈಗಲೇ ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ" ಅನ್ನುವ ಒಂದು ಸಾಲು, ದಿನಾಂಕ, ಸಹಿ. ಕರ್ನಾಟಕದಲ್ಲಿ ಓದಿದ ಮಗುವಾದರೆ ಸ್ಯಾಟ್ಸ್ ಸಂಖ್ಯೆಯನ್ನೂ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಹಾಕಿ, ಹಳೇ ದಾಖಲೆ ಹುಡುಕುವುದು ಸುಲಭ. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ಬಾಯಲ್ಲಿ "ಇಲ್ಲ" ಅಂದವರಿಗೆ ಸೀಲು ಹಾಕಿದ ಕಾಗದದ ಮೇಲೆ "ಇಲ್ಲ" ಅಂತ ಬರೆಯುವುದು ಅಷ್ಟು ಸುಲಭವಲ್ಲ.

ಕೆಲವು ತಿಂಗಳು ಶಾಲೆ ಬಿಟ್ಟಿದೆ ಅಂತ ಮಗುವನ್ನು ಕೆಳಗಿನ ತರಗತಿಯಲ್ಲಿ ಕೂರಿಸಿದರೆ ಒಪ್ಪಬೇಡಿ. 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿ ಕೊಡುತ್ತದೆ, ಹಿಂದೆ ಬಿದ್ದದ್ದಕ್ಕೆ ವಿಶೇಷ ತರಬೇತಿಯನ್ನೂ ಕೊಡುತ್ತದೆ.

ಶಾಲೆಗೆ ಸೇರಿದ ದಿನದಿಂದ ಮಧ್ಯಾಹ್ನದ ಬಿಸಿಯೂಟ ಖಾತ್ರಿ, ನೀವು ಕೆಲಸಕ್ಕೆ ಹೋದಾಗ ಮಗು ಕೇಂದ್ರದ ಹಾಲ್‌ನಲ್ಲಿ ಗುರುತಿಲ್ಲದವರ ನಡುವೆ ಕೂರುವುದೂ ತಪ್ಪುತ್ತದೆ. 6 ತಿಂಗಳಿಂದ 6 ವರ್ಷದ ಮಗುವಿದ್ದರೆ ಹತ್ತಿರದ ಅಂಗನವಾಡಿಯಲ್ಲಿ ಹೆಸರು ಬರೆಸಿ. ಬಸುರಿ ಮತ್ತು ಬಾಣಂತಿಯರಿಗೂ ಅಲ್ಲೇ ಪೂರಕ ಆಹಾರ.

ಇನ್ನು ರೇಷನ್. ಊರಿನ ಕಾರ್ಡ್ ರದ್ದು ಮಾಡಿಸಲೇಬೇಡಿ! ಆದ್ಯತಾ (ಬಿಪಿಎಲ್) ಕಾರ್ಡ್‌ಗೆ ಕೇಂದ್ರ ಸರ್ಕಾರದ ಪಾಲಿನ ಧಾನ್ಯ, ಅಂದರೆ ತಲೆಗೆ ತಿಂಗಳಿಗೆ 5 ಕೆಜಿ, 'ಒಂದು ದೇಶ ಒಂದು ಪಡಿತರ' ವ್ಯವಸ್ಥೆಯಲ್ಲಿ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟರೆ ಸಿಗುತ್ತದೆ. ರದ್ದಾದ ಮೇಲೆ ಹೊಸದು ಬರುವ ತನಕ ಏನೂ ಇಲ್ಲ.

ಆಧಾರ್‌ಗೆ ಕೇಂದ್ರದ ವಿಳಾಸ ಹಾಕಿಸುವ ಅವಸರವೂ ಬೇಡ, ನಾಳೆ ಬಾಡಿಗೆ ಮನೆ ಸಿಕ್ಕರೆ ಮತ್ತೆ ಬದಲಿಸಬೇಕು. ಹಾಕಿಸಲೇಬೇಕಾದರೆ ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಯುಐಡಿಎಐ (ಆಧಾರ್ ಕೊಡುವ ಪ್ರಾಧಿಕಾರ) ನಮೂನೆಯಲ್ಲೇ ಪ್ರಮಾಣಪತ್ರ ಕೊಡಬೇಕು, ಒಬ್ಬೊಬ್ಬರಿಗೂ ಬೇರೆ ಬೇರೆ. ಕೊಟ್ಟ ದಿನದಿಂದ 3 ತಿಂಗಳು ಮಾತ್ರ ಅದು ನಡೆಯುತ್ತದೆ. ಫೋಟೋ ಅಂಟಿಸಿ, ಅರ್ಧ ಫೋಟೋದ ಮೇಲೆ ಅರ್ಧ ಹಾಳೆಯ ಮೇಲೆ ಬೀಳುವಂತೆ ಸಹಿ ಮತ್ತು ಸೀಲು ಹಾಕಿಸಿ. ಸೀಲು ಪಕ್ಕದಲ್ಲಿ ಬಿದ್ದರೂ, ಹುಟ್ಟಿದ ದಿನಾಂಕ ತಿದ್ದಿದ್ದರೂ ವಾಪಸ್ ಕಳಿಸುತ್ತಾರೆ.

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಅಂತ ನಿಮ್ಮನ್ನು ಬೇರೆ ಮಾಡಿದ್ದರೆ ಪಾಲಿಕೆಯಲ್ಲಿ ಕುಟುಂಬಗಳ ಆಶ್ರಯ ಕೇಂದ್ರ ಕೇಳಿ. ನಗರ ವಸತಿರಹಿತರ ಯೋಜನೆಯ ಮಾರ್ಗಸೂಚಿಯಲ್ಲೇ ಅದಿದೆ.

ಕೊನೆಗೆ ಸಿಮ್. ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ, ಅದು ನಿಂತರೆ ಉಳಿದ ಕೆಲಸಗಳೂ ನಿಲ್ಲುತ್ತವೆ. ಈಗಾಗಲೇ ನಿಂತಿದ್ದರೆ ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹೊಸ ಸಂಖ್ಯೆ ಹಾಕಿಸಿ, ಅದಕ್ಕೆ ಯಾವ ದಾಖಲೆಯೂ ಬೇಡ.