ಹೆಬ್ಬೆರಳ ಬುಡದ ಉಬ್ಬು

ಪ್ರಶ್ನೆ: ಮೈಸೂರಿನ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ನನಗೆ 42 ವರ್ಷ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಉಬ್ಬಿ, ಬೆರಳು ಪಕ್ಕಕ್ಕೆ ವಾಲುತ್ತಿದೆ. ಅಮ್ಮನಿಗೂ ಹೀಗೆಯೇ ಇತ್ತು. ಇದು ಹೆಚ್ಚದಂತೆ ಏನು ಮಾಡಲಿ?

ಉತ್ತರ: ಇದು ಹೆಬ್ಬೆರಳ ಬುಡದ ಕೀಲು ಹೊರಚಾಚುವ ‘ಬನಿಯನ್’ (bunion) ಎಂಬ ತೊಂದರೆ ಇರಬಹುದು. ಇದಕ್ಕೆ ಎಡೆಕೊಡುವ ಪಾದದ ರಚನೆ ವಂಶದಿಂದ ಬರುವುದಾದರೂ, ಮುಂಭಾಗ ಕಿರಿದಾದ, ಹಿಮ್ಮಡಿ ಎತ್ತರದ ಚಪ್ಪಲಿ ತೊಂದರೆಯನ್ನು ಹೆಚ್ಚಿಸುತ್ತದೆ. ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಈಗ ಧರಿಸುತ್ತಿರುವ ಚಪ್ಪಲಿಯನ್ನು ಅದರ ಮೇಲಿಡಿ; ಗೆರೆ ಹೊರಗೆ ಕಂಡರೆ ಅದನ್ನು ಇಂದೇ ಬಿಟ್ಟುಬಿಡಿ. ಹೊಸದನ್ನು, ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲೇ ಕೊಳ್ಳಿ. ರಾತ್ರಿ ಕಟ್ಟುವ ಪಟ್ಟಿ ನೋವಿಗೆ ಆರಾಮ ಕೊಟ್ಟೀತೇ ಹೊರತು ವಾಲಿದ ಮೂಳೆಯನ್ನು ನೇರ ಮಾಡದು; ಜಾಹೀರಾತು ನಂಬಿ ಹಣ ಕಳೆಯಬೇಡಿ. ನಿಮಗೆ ಮಧುಮೇಹವಿದ್ದರೆ, ಅಥವಾ ಉಬ್ಬಿನ ಚರ್ಮ ಕೆಂಪಾಗಿ ಒಡೆದರೆ, ವೈದ್ಯರನ್ನು ಕಾಣಲು ತಡಮಾಡಬೇಡಿ.