ಮಧ್ಯಾಹ್ನದ ಮಂಪರಿಗೆ ಬೆಳಗಿನ ಪಟ್ಟಿ ಮದ್ದಲ್ಲ

ಓದುಗರ ಪತ್ರ: ಬೆಳಿಗ್ಗೆ 5ಕ್ಕೆ ಏಳುತ್ತೇನೆ. ಧ್ಯಾನ, ವ್ಯಾಯಾಮ, ಓದು ಯಾವುದನ್ನೂ ತಪ್ಪಿಸುವುದಿಲ್ಲ. ಆದರೂ ಮಧ್ಯಾಹ್ನ 2 ದಾಟಿದರೆ ಕೆಲಸದಲ್ಲಿ ಮನಸ್ಸು ನಿಲ್ಲದು. 4ಕ್ಕೆ ಕಾಫಿ ಕುಡಿದರೆ ಚೇತರಿಕೆ. ಮಲಗುವಾಗ ರಾತ್ರಿ 11.30. ರಜೆಯ ದಿನ 8ರವರೆಗೆ ನಿದ್ದೆ. ಇನ್ನೇನು ಅಭ್ಯಾಸ ಸೇರಿಸಿಕೊಳ್ಳಲಿ?

ಸಂಪಾದಕರ ಉತ್ತರ: ಏನನ್ನೂ ಸೇರಿಸಬೇಡಿ. ನಿಮ್ಮ ಲೆಕ್ಕವನ್ನೇ ನೋಡಿ: ಹಾಸಿಗೆಯಲ್ಲಿರುವುದು ಐದೂವರೆ ಗಂಟೆ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. 5ಕ್ಕೆ ಏಳಲೇಬೇಕೆಂದರೆ ಒಂಬತ್ತೂವರೆಗೆ ದೀಪ ಆರಿಸಬೇಕು. ಅದಾಗದಿದ್ದರೆ ಆರೂವರೆಗೆ ಏಳಿ, 11ಕ್ಕೆ ಮಲಗಿ. ಬೇಗ ಏಳುವುದರಲ್ಲಿ ವಿಶೇಷ ಪುಣ್ಯವೇನಿಲ್ಲ. ದಿನವೂ ಒಂದೇ ಹೊತ್ತಿಗೆ ಏಳುವುದರಲ್ಲಿ ಲಾಭವಿದೆ. ರಜೆಯ ದಿನ ಮೂರು ಗಂಟೆ ತಡವಾಗಿ ಎದ್ದರೆ ದೇಹದ ಗಡಿಯಾರ ಹಿಂದೆ ಸರಿಯುತ್ತದೆ, ಆ ರಾತ್ರಿ ನಿದ್ದೆ ಬೇಗ ಹತ್ತುವುದಿಲ್ಲ. ವ್ಯತ್ಯಾಸ ಒಂದು ಗಂಟೆಯೊಳಗಿರಲಿ.

ನಿಜವಾದ ಕಳ್ಳ ನಾಲ್ಕು ಗಂಟೆಯ ಕಾಫಿ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ತೂಕಡಿಕೆ ತರುವುದು ಅದೇ. ಕಾಫಿಯಲ್ಲಿರುವ ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆ, ದಣಿವನ್ನು ಕಳೆಯುವುದಿಲ್ಲ, ಮುಚ್ಚಿಡುತ್ತದೆ. ರಕ್ತದಲ್ಲಿ ಅದರ ಅರ್ಧ ಪಾಲು ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ 4ಕ್ಕೆ ಕುಡಿದದ್ದರಲ್ಲಿ ರಾತ್ರಿ 9ಕ್ಕೂ ಅರ್ಧ ಉಳಿದಿರುತ್ತದೆ. "ಕುಡಿದರೂ ನನಗೆ ನಿದ್ದೆ ಬರುತ್ತದೆ" ಎನ್ನುವವರಿದ್ದಾರೆ. ಬರುತ್ತದೆ, ಆದರೆ ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ. ಕೊನೆಯ ಲೋಟ ಮಧ್ಯಾಹ್ನ 1ರೊಳಗೆ ಮುಗಿಯಲಿ. ಒಮ್ಮೆಲೇ ಬಿಟ್ಟರೆ ಮರುದಿನವೇ ತಲೆನೋವು ಬರಬಹುದು. ಒಂದು ವಾರ ಅರ್ಧ ಲೋಟ ಕುಡಿದು, ಆಮೇಲೆ ನಿಲ್ಲಿಸಿ.

ನಿದ್ದೆ ಸರಿಯಾದರೂ ಮಧ್ಯಾಹ್ನ ಒಂದಿಷ್ಟು ಜಡತೆ ಇದ್ದೇ ಇರುತ್ತದೆ. ಊಟ ಬಿಟ್ಟರೂ ಅದು ಪೂರ್ತಿ ಹೋಗದು, ದೇಹದ ಲಯವೇ ಹಾಗೆ. ಆ ಹೊತ್ತಿಗೆ ಇಮೇಲ್, ಕಡತಗಳ ಜೋಡಣೆಯಂಥ ಹಗುರ ಕೆಲಸ ಇಟ್ಟುಕೊಳ್ಳಿ. ತಲೆ ಓಡಿಸುವ ಕೆಲಸ ಬೆಳಗಿಗಿರಲಿ. ಮಲಗುವುದಾದರೆ 20 ನಿಮಿಷಕ್ಕೆ ಅಲಾರಂ ಇಡಿ. ಗಾಢ ನಿದ್ದೆಗೆ ಜಾರಿದ ಮೇಲೆ ಎದ್ದರೆ ಮೊದಲಿಗಿಂತ ಹೆಚ್ಚು ಮಂಕು.

ಕೆಲಸದ ನಡುವೆ ಯಾರಾದರೂ ಕರೆದರೆ, ಏಳುವ ಮುನ್ನ ಒಂದು ಸಾಲು ಬರೆದಿಡಿ: ಎಲ್ಲಿಗೆ ನಿಂತಿತು, ಮುಂದೇನು. ಬಿಟ್ಟುಬಂದ ಕೆಲಸಕ್ಕೆ ಗಮನದ ಒಂದು ಪಾಲು ಅಂಟಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಈ ಒಂದು ಸಾಲು ಆ ಅಂಟನ್ನು ಸಡಿಲಿಸುತ್ತದೆ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಕ್ರಮ ಬೇಸರದ ಕೆಲಸ ಶುರುಮಾಡಲು ಒಳ್ಳೆಯದು. ಬರವಣಿಗೆಯಂಥದ್ದಕ್ಕೆ ನಮಗದು ಅಷ್ಟು ಒಪ್ಪದು, ಮನಸ್ಸು ಕುದುರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. 50ಕ್ಕೆ 10 ಇಟ್ಟು ನೋಡಿ. ಬಿಡುವಿನಲ್ಲಿ ಫೋನ್ ಹಿಡಿದರೆ ಅದು ಬಿಡುವಲ್ಲ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಮೂರು ವಾರ ಹೀಗೆ ಮಾಡಿ, 7 ಗಂಟೆ ಮಲಗಿಯೂ ಹಗಲು ತೂಕಡಿಕೆ ಬಿಡದಿದ್ದರೆ, ಅದರಲ್ಲೂ ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದ್ದರೆ, ವೈದ್ಯರಿಗೆ ತೋರಿಸಿ. ಅದು ಅಭ್ಯಾಸದಿಂದ ಸರಿಹೋಗುವಂಥದ್ದಲ್ಲ.